ಕುತುಬಖಾನೆಯ ಚಂದದ ಫೋಟೊಗಳು

11 ನವೆಂಬರ್, ಸೋಮವಾರ

ಬೆಳಿಗ್ಗೆಯಿಂದ ಪಾಸ್‌ಪೋರ್ಟ್ ಸೈಜು. ಬಾಯಿ ಮುಚ್ಚಿ ಅಂದರೆ ಕಣ್ಣು ಮುಚ್ಚುತ್ತಾರೆ. ಹುಮನಾಬಾದಿನಲ್ಲಿ ಸ್ಟುಡಿಯೋ ಇಟ್ಟವಳಿಗೆ ಸಿಟ್ಟು ಬರಬಾರದು. ನನಗೆ ಬರುತ್ತದೆ.

ಮಧ್ಯಾಹ್ನ ಖುರ್ಷೀದ್ ಬೇಗಂ ಫೋನು, ಬಸವಕಲ್ಯಾಣದಿಂದ. ರಿಟೈರ್ಡ್ ಉರ್ದು ಟೀಚರ್. ಅವರ ಮೊಮ್ಮಗಳ ಮದುವೆಯಲ್ಲಿ ಹೆಂಗಸರ ಕಡೆಯ ಫೋಟೊ ನಾನೇ ತೆಗೆದದ್ದು. ಆ ಕಡೆ ಗಂಡಸು ಫೋಟೊಗ್ರಾಫರ್ ಹೋಗುವ ಹಾಗಿಲ್ಲ. ಹಾಗಾಗಿ ನನ್ನ ಹೊಟ್ಟೆ ತುಂಬುತ್ತದೆ.

"ರತ್ನಮಾಲಾ ಬೇಟಿ, ನಮ್ಮ ಕುತುಬಖಾನಾ ನಗರಸಭಾದವ್ರು ಕೆಡವತಾರಂತ. ನೀ ಬಂದು ಫೋಟೊ ತೆಗಿ. ನೋಡಿದ್ರ ಸಾಹೇಬ್ರ ಮನಸ್ಸು ಕರಗತದ."

ನಿಜಾಮರ ಕಾಲದ ಲೈಬ್ರರಿ. ಬೀಗ ಬಿದ್ದು ವರ್ಷಗಳಾದವು. ಬೇಗಂ ಓದು ಕಲಿತದ್ದೇ ಅಲ್ಲಿ, ಅವರ ಅಬ್ಬಾ ಪಕ್ಕ ಕೂತು. ಬರ್ತೀನ್ರಿ ಅಂದೆ. ಕಟ್ಟಡದ ಫೋಟೊಗೆ ಇದುವರೆಗೆ ಯಾರೂ ನನ್ನನ್ನು ಕರೆದಿರಲಿಲ್ಲ. ಖುಷಿಯಾಯಿತು.

14 ನವೆಂಬರ್, ಸಂಜೆ

ಹಿಂಬಾಗಿಲ ಚಿಲಕ ಸಡಿಲ. ಬೇಗಂ ಮುಂದೆ, ನಾನು ಹಿಂದೆ, ಕಳ್ಳರ ಹಾಗೆ ಒಳಗೆ ಹೋದೆವು.

ದೊಡ್ಡ ಹಾಲ್... ಏನು ಹೇಳಲಿ. ಮಾಳಿಗೆ ನಡುವೆ ಕುಸಿದಿದೆ. ಆ ತೂತಿನಿಂದ ಬಿಸಿಲಿನ ಕೋಲು, ಅದರಲ್ಲಿ ಧೂಳು, ಪಾರಿವಾಳ. ಉದ್ದನೆಯ ಮೇಜಿನ ಮೇಲೆ ಮಣ್ಣು. ನೆಲ ಸೀಳಿ ಬಂದ ಅರಳಿ ಗಿಡ. ಇಂಥ ಫ್ರೇಮು ಹುಡುಕಿಕೊಂಡು ಹೋದರೂ ಸಿಗುವುದಿಲ್ಲ. ಹುಚ್ಚು ಹಿಡಿದ ಹಾಗೆ ತೆಗೆದೆ.

ಹಿಂದಿನ ಕೋಣೆ ಬೇರೆಯೇ. ಮಾಳಿಗೆ ಗಟ್ಟಿ. ಗೋಡೆ ಪೂರ್ತಿ ಕಪಾಟು, ಗಾಜು ಸಹ ಒಡೆದಿಲ್ಲ. ಉರ್ದು, ಮರಾಠಿ, ಕನ್ನಡ, ಫಾರ್ಸಿ, ಎಲ್ಲ ಕಿತಾಬು ನೆಟ್ಟಗೆ ನಿಂತಿವೆ. ಬೇಗಂ ಸೆರಗಿನಿಂದ ಗಾಜು ಒರೆಸಿ, "ಇದು ತೆಗಿ" ಅಂದರು.

ನೋಡಿದೆ. ಕತ್ತಲು. ಫ್ಲ್ಯಾಶ್ ಹಾಕಿದರೆ ಗಾಜಿನಲ್ಲಿ ನನ್ನದೇ ಮುಖ. ಸಪ್ಪೆ, ಪಾಸ್‌ಪೋರ್ಟ್ ಫೋಟೊ ಇದ್ದ ಹಾಗೆ. ಆಮ್ಯಾಲ ತೆಗೀತೀನ್ರಿ ಅಂದು ಹಾಲ್‌ಗೆ ಓಡಿದೆ, ಬಿಸಿಲು ಸರಿಯುತ್ತಿತ್ತು. ಆಮೇಲೆ ಬ್ಯಾಟರಿ ಮುಗಿಯಿತು. ಇರಲಿ. ಹಾಲ್ ಒಂದೇ ಸಾಕು.

17 ನವೆಂಬರ್

ಎಡಿಟಿಂಗ್. ಬಿರುಕು ಇನ್ನಷ್ಟು ಕಪ್ಪು ಮಾಡಿದೆ. ತೂತು ದೊಡ್ಡದಾಗಿ ಕಾಣುವ ಹಾಗೆ ಕ್ರಾಪ್. ನೋಡಿದವರ ಕರುಳು ಚುರುಕ್ ಅನ್ನಬೇಕು. ಮದುವೆ ಆಲ್ಬಮ್ಮಿನ ದಪ್ಪ ಪೇಪರಿನ ಮೇಲೆ ಪ್ರಿಂಟ್, ಹಿಂದೆ ಸ್ಟುಡಿಯೋ ಹೆಸರು, ನಂಬರಿನ ಸಿಕ್ಕಾ ಒತ್ತಿದೆ.

ಅವ್ವ ನೋಡಿ, "ಮನಿಗಿ ಮಾರಿ, ಊರಿಗಿ ಉಪಕಾರಿ" ಅಂದಳು. ಆದರೆ ಫೋಟೊ ಕೆಳಗಿಡಲಿಲ್ಲ. ನನ್ನ ಬದುಕಿನಲ್ಲೇ ಒಳ್ಳೆಯ ಕೆಲಸ ಇದು.

ಲಕೋಟೆಗೆ ಹಾಕಿ ಅಂಟಿಸಿ ಕಳಿಸಿದೆ. ಬೇಗಂ ಅದನ್ನು ಹಾಗೇ ಅರ್ಜಿ ಜೊತೆ ನಗರಸಭೆ ಆಫೀಸಿಗೆ ಕೊಡುತ್ತಾರೆ.

6 ಜನವರಿ

ಮದುವೆ ಸೀಸನ್. ಬರೆಯಲಾಗಲಿಲ್ಲ.

ಬಸವಕಲ್ಯಾಣಕ್ಕೆ ಹೋಗಿ ಬಂದೆ. ಕುತುಬಖಾನೆ ಬಾಗಿಲಿಗೆ ಆರ್ಡರ್ ಅಂಟಿಸಿದ್ದಾರೆ. "ಲಗತ್ತಿಸಿದ ಛಾಯಾಚಿತ್ರಗಳಲ್ಲಿ ಕಾಣುವಂತೆ ಕಟ್ಟಡ ಪೂರ್ಣ ಶಿಥಿಲ. ಉಪಯುಕ್ತ ಸಾಮಗ್ರಿ ಉಳಿದಿಲ್ಲ. ತೆರವುಗೊಳಿಸುವುದು." ಕೆಳಗೆ ಝೆರಾಕ್ಸ್. ನನ್ನ ಬಿರುಕು. ನನ್ನ ತೂತು.

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದೆ.

ಆಫೀಸಿಗೆ ಓಡಿದೆ. ಸಾಹೇಬರು ಚಹಾ ತರಿಸಿದರು. "ಭಾಳ ಛಂದ ತೆಗದೀರಿ ಮೇಡಂ. ನೋಡಿದ ಕೂಡ್ಲೇ ಗೊತ್ತಾಯ್ತು, ಇದು ಉಳಿಯಂಗಿಲ್ಲಂತ."

"ಹಿಂದಿನ ಖೋಲಿ ಗಟ್ಟಿ ಅದರಿ. ಕಿತಾಬು ತುಂಬ್ಯಾವ."

"ಅದರ ಫೋಟೊ ಎಲ್ಲದರಿ?"

"ಈಗ ತೆಗದ್ ಕೊಡ್ತೀನ್ರಿ."

"ಈಗ ಒಳಗ ಬಿಡಂಗಿಲ್ರಿ. ಡೇಂಜರ್ ಅದ. ನೀವೇ ತೋರ್ಸೀರಲ್ಲ?"

ಹಿಂಬಾಗಿಲಿಗೂ ಸೀಲ್ ಬಿದ್ದಿದೆ.

19 ಜನವರಿ

ಬೇಗಂ ಮನೆ. ಬೈಯುತ್ತಾರೆ ಅಂದುಕೊಂಡು ಹೋದೆ. ಬೈದಿದ್ದರೆ ಚೆನ್ನಾಗಿತ್ತು. "ನೀ ಇಷ್ಟ್ ಮೆಹನತ್ ಮಾಡ್ದಿ ಬೇಟಿ. ಅವ್ರಿಗೇ ಫೋಟೊ ನೋಡಾಕ ಬರಂಗಿಲ್ಲ" ಅಂದರು. ಕಪಾಟಿನ ಫೋಟೊ ತೆಗೆಯಲೇ ಇಲ್ಲ ಅಂತ ಹೇಳದೆ ಬಿಸ್ಕಿಟ್ ತಿಂದು ಎದ್ದು ಬಂದೆ. ನಾಚಿಕೆ.

3 ಫೆಬ್ರವರಿ

ಒಂದು ಫೋನು. ಕೆಡವುವ ಗುತ್ತಿಗೆ ಹಿಡಿದ ಗುತ್ತೇದಾರ, ಮಹಾರುದ್ರಪ್ಪ ಅಂತೆ. ಫೋಟೊ ಹಿಂದಿನ ಸಿಕ್ಕಾದಲ್ಲಿ ನನ್ನ ನಂಬರ್ ಸಿಕ್ಕಿತಂತೆ. "ನಾಳಿ ಕೆಡವಾಕತ್ತೀವ್ರಿ. ಬಿಲ್ ಪಾಸ್ ಆಗ್ಬೇಕಂದ್ರ ಜಿಪಿಎಸ್ ಫೋಟೊ ಬೇಕ್ರಿ. ಕೆಡವೂ ಮೊದ್ಲ, ಕೆಡವೂ ಮುಂದ ಅಂದ್ರ ಜೆಸಿಬಿ ನಡದಾಗ, ಕೆಡವಿದ ಮ್ಯಾಲ."

ಥೂ ಅಂತ ಫೋನಿಟ್ಟೆ.

ಆಮೇಲೆ ನಾನೇ ಫೋನ್ ಮಾಡಿ ಬರ್ತೀನ್ರಿ ಅಂದೆ. ಫೋಟೊದವಳು ಅಂದರೆ ಒಳಗೆ ಬಿಡುತ್ತಾರೆ. ಎರಡು ಕಪಾಟಾದರೂ ಹೊರಗೆ ಬಂದರೆ...

4 ಫೆಬ್ರವರಿ, ಮಧ್ಯಾಹ್ನ, ಬಸ್ಸಿನಲ್ಲಿ

ಮಹಾರುದ್ರಪ್ಪ ಒಳಗೆ ಬಿಡಲಿಲ್ಲ. "ಸಾಮಾನ ತೆಗ್ಯಾಕ ಆರ್ಡರ್ ಇಲ್ರಿ. ಏನೂ ಇಲ್ಲಂತ ಬರದಾರಲ್ಲ." ಕೈ ಮುಗಿದೆ. ಅಂವ ಪಾಪ, ಅವನೂ ಕೈ ಮುಗಿದ.

ಜೆಸಿಬಿ ಹಿಂದಿನ ಗೋಡೆಗೇ ಮೊದಲು ಹೊಡೆಯಿತು. ಗಟ್ಟಿ ಗೋಡೆ. ನಾಲ್ಕೈದು ಏಟಿಗೂ ಬೀಳಲಿಲ್ಲ. ಬಿದ್ದ ಮೇಲೆ ಕೋಣೆಯೊಳಗೆ ಬಿಸಿಲು ತುಂಬಿತು. ಕಪಾಟು, ಗಾಜು, ಕಿತಾಬಿನ ಬೆನ್ನ ಮೇಲಿನ ಬಂಗಾರದ ಅಕ್ಷರ, ಎಲ್ಲಾ ಸ್ಪಷ್ಟ.

ಹಗ್ಗದ ಆಚೆ ಬೇಗಂ ನಿಂತಿದ್ದರು. ನನ್ನ ಕೊರಳಲ್ಲಿ ಕ್ಯಾಮೆರಾ ಕಂಡು ಮುಖ ಅರಳಿತು. "ಬಂದಿಯಾ ಬೇಟಿ! ಈಗ ಕಾಣಸ್ತಾವ ನೋಡು. ತೆಗಿ, ಜಲ್ದಿ ತೆಗಿ, ಸಾಹೇಬ್ರಿಗಿ ತೋರ್ಸೋಣ."

ಹಿಂದಿನಿಂದ ಮಹಾರುದ್ರಪ್ಪ: "ಹಾಂ ಮೇಡಂ, ಕೆಡವೂ ಮುಂದಿಂದು. ಇದೇ ಬೇಕಾಗಿತ್ತು. ತೆಗೀರಿ."

ತೆಗೆದೆ.

ಚೆನ್ನಾಗಿಯೇ ಬಂದಿದೆ. ಬೇಗಂ ನನ್ನ ಕೈ ಹಿಡಿದು ಶುಕ್ರಿಯಾ ಅಂದರು. ಯಾರ ಕೆಲಸಕ್ಕೆ ಬಂದೆ ಅಂತ ಕೇಳಲಿಲ್ಲ. ನಾನೂ ಹೇಳಲಿಲ್ಲ.