ಹೆಸರು ಹೇಳದ ಮುಲಾಮು

ವಿನೋಬನಗರ, ದಾವಣಗೆರೆ
14-11-2024, ಗುರುವಾರ

ಪ್ರೀತಿಯ ಅತ್ತೆಮ್ಮನವರಿಗೆ,

ಹರಿಹರದಲ್ಲಿ ಆರಾಮ ಇದ್ದೀರಿ ಅಂದುಕೊಂಡಿದ್ದೇನೆ. ಮೊಣಕಾಲು ಹೇಗಿದೆ? ಸುಧಾಳ ಮನೆಯ ಮೆಟ್ಟಿಲು ಎತ್ತರ, ಗೋಡೆ ಹಿಡಿದುಕೊಂಡೇ ಹತ್ತಿ ಇಳಿಯಿರಿ. ಬೆಳಿಗ್ಗೆ ಬೆರಳು ಮಡಚಲು ಬರುವವರೆಗೆ ಬಿಸಿನೀರಿನಲ್ಲಿ ಕೈ ಇಡುತ್ತಿದ್ದೀರೋ ಇಲ್ಲವೋ? ಮಗಳ ಮುಂದೆ ನೋವೇ ಇಲ್ಲದವರ ಹಾಗೆ ಓಡಾಡಬೇಡಿ. ಅರ್ಧ ಗಂಟೆಯ ಬಸ್ ದಾರಿಗೆ ಕಾಗದ ಬರೆಯುತ್ತಾಳಲ್ಲ ಈ ಸೊಸೆ ಅಂತ ನಗಲೂ ಬೇಡಿ. ಫೋನ್ ಮಾಡಿದರೆ ನಿಮಗೆ ಕೇಳಿಸಲೆಂದು ಸುಧಾ ಸ್ಪೀಕರ್ ಹಾಕುತ್ತಾಳೆ, ಆಮೇಲೆ ನಮ್ಮ ಮಾತೆಲ್ಲ ಅವಳ ಪಕ್ಕದ ಮನೆಯವರಿಗೂ ಗೊತ್ತು. ನಾನು ಹೇಳಬೇಕಾದದ್ದು ನಿಮಗೊಬ್ಬರಿಗೆ. ಕನ್ನಡಕ ಹಾಕಿಕೊಂಡು ನೀವೇ ಓದಿ, ಮಗಳ ಕೈಗೂ ಕೊಡಬೇಡಿ.

ಎದುರು ಮನೆ ಮಾಬೂಬೀಯ ಕೈ ಇನ್ನೂ ವಾಸಿಯಾಗಿಲ್ಲ. ಗುಳ್ಳೆಗಳು ಒಡೆದು ಮಣಿಕಟ್ಟಿನ ಸುತ್ತ ಚರ್ಮ ಕೆಂಪಗಿದೆ. ಮಂಡಕ್ಕಿ ಭಟ್ಟಿಗೆ ಹೋಗದೆ ಎರಡು ವಾರವಾಯಿತು. ಆ ಕೈಯಲ್ಲಿ ಬಿಸಿ ಮರಳಿನ ಜರಡಿ ಹಿಡಿಯಲಾಗುತ್ತದೆಯೇ? ಮಣಿಕಟ್ಟು ನೋವಿಗೆ ಅಂತ ನೀವು ಹೇಳಿಕೊಟ್ಟ ಹಾಗೆಯೇ ನಿಮ್ಮ ಮುಲಾಮು ಹಚ್ಚಿ, ಎಕ್ಕದೆಲೆ ಬಿಸಿ ಮಾಡಿ ಮೇಲಿಟ್ಟು, ಬಟ್ಟೆ ಬಿಗಿದು ಮಲಗಿದ್ದಳು ಪಾಪ. ಮುಲಾಮಿನಲ್ಲಿ ಏನೇನಿದೆ, ಬರೆಸಿಕೊಂಡು ಬಾ ಅಂತ ಡಾಕ್ಟರು ಹೇಳಿ ಕಳಿಸಿದರು. ಅಷ್ಟೇ ತಾನೆ ನಾನು ನಿಮ್ಮನ್ನು ಕೇಳಿದ್ದು? “ಹೆಸರು ಹೇಳಿದ್ರೆ ಔಷಧಿ ಕೆಲ್ಸ ಮಾಡಲ್ಲ, ಕೇಳ್ಬ್ಯಾಡ ನೀನು” ಅಂದಿರಿ. ನಾನು ಎರಡನೇ ಸಲ ಕೇಳುವುದರೊಳಗೆ ಚೀಲಕ್ಕೆ ಎರಡು ಸೀರೆ ತುರುಕಿಕೊಂಡು ಹರಿಹರದ ಬಸ್ ಹತ್ತಿದಿರಿ. ನಿಮ್ಮ ಮಗನಂತೂ ಸಂಜೆ ಬಂದು “ಅವ್ವನ್ನ ಏನಂದಿ?” ಅಂತ ನನ್ನನ್ನೇ ಕೇಳಿದರು. ನಾನು ಏನಂದೆ ಅತ್ತೆಮ್ಮಾ? ಯಾವ ಸೊಪ್ಪು ಅಂದೆ, ಅಷ್ಟೇ.

ಹೇಳದಿದ್ದರೆ ಬಿಡಲಿ, ನಾನೇ ಮಾಡಿ ನೋಡಿ ಕಂಡುಹಿಡಿಯುತ್ತೇನೆ ಅಂತ ಹಟಕ್ಕೆ ಬಿದ್ದೆ. ಇಪ್ಪತ್ತೆರಡು ವರ್ಷ ಆ ವಾಸನೆಯ ಜೊತೆ ಬಾಳಿದ್ದೇನಲ್ಲ. ಹದಡಿಗೆ ಹೋಗಿ ಕಾಲುವೆ ದಂಡೆಯಿಂದ ಲಕ್ಕಿ ಸೊಪ್ಪು ತಂದೆ. ಹರಳೆಣ್ಣೆ, ಓಮ, ಬೆಳ್ಳುಳ್ಳಿ, ಕರ್ಪೂರ, ಜೇನುಮೇಣ, ಇಷ್ಟು ನನ್ನ ಮೂಗಿಗೆ ಗೊತ್ತು. ಮೊದಲ ಸಲ ಮೇಣ ಹೆಚ್ಚಾಗಿ ಗಟ್ಟಿಯಾಯಿತು, ಚಮಚ ಚುಚ್ಚಿದರೆ ಚಮಚವೇ ಬಾಗಿತು. ಎರಡನೇ ಸಲ ಮೇಣ ಕಮ್ಮಿ ಮಾಡಿದೆ, ಎಣ್ಣೆ ಬೇರೆ ಸೊಪ್ಪು ಬೇರೆಯಾಗಿ ನಿಂತಿತು. ಒಗ್ಗರಣೆ ಬಾಣಲಿ ಹಾಳು, ನಿಮ್ಮ ಮಗ ಮೂರು ದಿನ ಸಾರಿನಲ್ಲೂ ಕರ್ಪೂರ ಅಂತ ಮುಖ ಸಿಂಡರಿಸಿದರು. ಮಿಕ್ಸಿಗೆ ಹಾಕಬಾರದು, ಕಲ್ಲಲ್ಲೇ ಅರೆಯಬೇಕು ಅನ್ನುತ್ತಿದ್ದಿರಲ್ಲ, ಅರೆದೆ. ಬ್ಲೌಸ್ ಹೊಲಿದು ಹೊಲಿದು ಬುಡವೇ ಊದಿರುವ ನನ್ನ ಹೆಬ್ಬೆರಳಿನಲ್ಲಿ ಗುಂಡುಕಲ್ಲು ಹಿಡಿದು ಅರೆದರೆ ಹೇಗಿರುತ್ತದೆ ನೀವೇ ಯೋಚಿಸಿ. ಆ ಮುಲಾಮನ್ನು ಅದೇ ಹೆಬ್ಬೆರಳಿಗೆ ಹಚ್ಚಿ, ಎಕ್ಕದೆಲೆಯನ್ನೂ ಕಟ್ಟಿದೆ. ಗುಳ್ಳೆ ಏಳಲಿಲ್ಲ. ನೋವೂ ಹೋಗಲಿಲ್ಲ.

ನಿನ್ನೆ ಮೂರನೇ ಸಲಕ್ಕೆ ಮೇಣ ಸಾಲದೆ ಅಟ್ಟದ ಮೇಲಿನ ನಿಮ್ಮ ಬಿಸ್ಕತ್ ಡಬ್ಬಿ ಇಳಿಸಿದೆ. ಮೇಲೆ ಮೇಣದ ಉಂಡೆ, ಅದರ ಕೆಳಗೆ ನಿಮ್ಮ ಹಳೇ ರವಿಕೆ ತುಂಡು, ಅದನ್ನು ಎತ್ತಿದರೆ ಟ್ಯೂಬುಗಳು. ಕೀಲುನೋವಿಗೆ ಅಂಗಡಿಯಲ್ಲಿ ಮಾರುವ ಟ್ಯೂಬುಗಳು, ಹನ್ನೊಂದು, ಕೊನೇ ಹನಿಯವರೆಗೆ ಹಿಂಡಿ ಸುರುಳಿ ಸುತ್ತಿದವು. ಒಂದನ್ನು ಹಿಡಿದುಕೊಂಡು ಮೆಡಿಕಲ್ ಶಾಪಿಗೆ ಓಡಿದೆ. ಅಲ್ಲಿಯ ತೌಸೀಫ್ ನನ್ನ ಮುಖ ನೋಡಿ, “ನಿಮ್ ಬೆರಳಿಗೆ ಅಂತ ಅಜ್ಜಿ ತಿಂಗ್ಳಿಗೆ ಎರಡು ಒಯ್ತಿದ್ರಲ್ರೀ ಅಕ್ಕ, ಹೋದ ತಿಂಗ್ಳು ನಾಕು ತಗಂಡ್ರು, ನೋವು ಜಾಸ್ತಿ ಐತೇನು?” ಅಂದ. ನನ್ನ ಬೆರಳಿಗಂತೆ! ಅದರ ಮೇಲಿನ ಸಣ್ಣ ಇಂಗ್ಲಿಷ್ ಅಕ್ಷರ ಓದಿಸಿದೆ. ಹಚ್ಚಿದ ಮೇಲೆ ಬಟ್ಟೆ ಕಟ್ಟಬಾರದು, ಶಾಖ ಕೊಡಬಾರದು, ಸುಡುತ್ತದೆ. ನೀವು ಊರಿಗೆಲ್ಲ ಹೇಳುವುದೇ ಅವೆರಡನ್ನು!

ನನಗೆ ಎಷ್ಟು ಸಿಟ್ಟು ಬಂತು ಅಂದರೆ, ಆ ಡಬ್ಬಿಯನ್ನು ಬೀದಿಗೆ ಎಸೆಯಬೇಕು ಅನ್ನಿಸಿತು. ಆಮೇಲೆ ಒರಳಿನ ಹತ್ತಿರ ಕೂತೆ. ನೀವು ಚಟ್ನಿ ಅರೆಯುವುದು ಬಿಟ್ಟು ಎರಡು ವರ್ಷವಾಯಿತು. ಉಪ್ಪಿನಕಾಯಿ ಜಾಡಿಯ ಮುಚ್ಚಳವನ್ನೂ ನನ್ನ ಕೈಯಲ್ಲೇ ತೆಗೆಸುತ್ತೀರಿ. ಸೊಪ್ಪು ಅರೆಯಲು ನಿಮ್ಮ ಕೈಲಾಗುತ್ತಿರಲಿಲ್ಲ, ಇನ್ನೊಬ್ಬರಿಂದ ಅರೆಸಿದರೆ ಸೊಪ್ಪು ಗೊತ್ತಾಗಿಬಿಡುತ್ತದೆ, ಬಾಗಿಲಿಗೆ ಬಂದವರಿಗೆ ಇಲ್ಲ ಅನ್ನಲೂ ಬಾಯಿ ಬರುವುದಿಲ್ಲ. ಅದಕ್ಕೇ ಸೊಪ್ಪಿನ ಬದಲು ಟ್ಯೂಬ್ ಹಿಂಡಿ ಬೆರೆಸಿದಿರಿ. ನಾನು ಕಣ್ಣಾರೆ ಕಂಡೂ ತಿಳಿದುಕೊಳ್ಳಲಿಲ್ಲ, ಅದು ನನ್ನ ತಪ್ಪು. ಆದರೆ ಒಂದು ಮಾತು ಹೇಳಬಾರದಿತ್ತೇ? ಕಣ್ಣು ಮುಚ್ಚಿಕೊಂಡು ಅರೆದುಕೊಡು ಅಂದಿದ್ದರೆ ಅರೆದುಕೊಡುತ್ತಿದ್ದೆ. ಸೊಸೆಗೆ ಹೇಳುವುದಕ್ಕಿಂತ ಮಾಬೂಬೀಯ ಕೈ ಸುಡುವುದೇ ಮೇಲಾಯಿತೇ ನಿಮಗೆ? ಈಗಲೂ ನನಗೆ ಸಿಟ್ಟು ಇಳಿದಿಲ್ಲ.

ನಾಳೆ ಅವಳ ಜೊತೆ ಡಾಕ್ಟರ ಹತ್ತಿರ ಹೋಗಬೇಕು. ಟ್ಯೂಬ್ ತೋರಿಸದೆ ಇರಲಾಗುವುದಿಲ್ಲ, ಎಲ್ಲಕ್ಕಿಂತ ಅವಳ ಕೈ ವಾಸಿಯಾಗುವುದು ದೊಡ್ಡದು. ಏನು ಹೇಳಲಿ ಅನ್ನುವುದೇ ತಿಳಿಯುತ್ತಿಲ್ಲ. ನಿಮ್ಮ ಮಗನಿಗೆ ಇನ್ನೂ ಹೇಳಿಲ್ಲ. ಸುಧಾಳಿಗೂ ಅಳಿಯಂದಿರಿಗೂ ನನ್ನ ನೆನಪು ತಿಳಿಸಿ. ಗುಳಿಗೆ ಊಟ ಆದ ಮೇಲೆ ನುಂಗಿ, ಬರೀ ಹೊಟ್ಟೆಯಲ್ಲಿ ಬೇಡ.

ಕಾಲಿಗೆ ಬೀಳುತ್ತೇನೆ, ಜಗಳ ಮಾತ್ರ ಬಾಕಿ ಇದೆ.

ನಿಮ್ಮ ಸೊಸೆ,
ಶಾಂತಕುಮಾರಿ

ಮ.ಬ.: ಶುಕ್ರವಾರ ಮಧ್ಯಾಹ್ನ. ಆಸ್ಪತ್ರೆಯಿಂದ ಈಗ ಬಂದೆ, ಅಂಚೆ ಡಬ್ಬಿ ತೆಗೆಯುವುದರೊಳಗೆ ಹಾಕಬೇಕು, ಅವಸರದಲ್ಲಿ ಬರೆಯುತ್ತಿದ್ದೇನೆ. ಡಾಕ್ಟರು ಟ್ಯೂಬ್ ನೋಡಿ ಬೇರೆ ಔಷಧಿ ಕೊಟ್ಟರು, ಹತ್ತು ದಿನದಲ್ಲಿ ವಾಸಿಯಾಗುತ್ತದಂತೆ. ಮುಲಾಮಿಗೆ ಇದನ್ನು ಯಾರು ಬೆರೆಸಿದ್ದು ಅಂತ ಕೇಳಿದರು. ನಾನೇ, ಅತ್ತೆಮ್ಮನಿಗೆ ಗೊತ್ತಿಲ್ಲದ ಹಾಗೆ, ಅಂದುಬಿಟ್ಟೆ. ತೌಸೀಫನ ಅಂಗಡಿಯಲ್ಲೂ ಅದು ನನ್ನ ಹೆಸರಲ್ಲೇ ಇದೆಯಲ್ಲ. ಮಾಬೂಬೀ ದಾರಿಯುದ್ದಕ್ಕೂ ನನಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು. ತನ್ನ ಮನೆ ಬಾಗಿಲ ಹತ್ತಿರ ಬಂದಾಗ “ಅಮ್ಮ ಇದ್ದಿದ್ರೆ ನಿನಗೆ ಬುದ್ಧಿ ಹೇಳ್ತಿದ್ರು ಶಾಂತಕ್ಕ” ಅಂದು ಒಳಗೆ ಹೋದಳು. ನೀವು ಬಂದು ಅವಳಿಗೆ ನಿಜ ಹೇಳುತ್ತೀರೋ, ನನಗೆ ಬುದ್ಧಿ ಹೇಳುತ್ತೀರೋ, ನಿಮಗೆ ಬಿಟ್ಟದ್ದು. ಎರಡರಲ್ಲಿ ಯಾವುದಕ್ಕಾದರೂ ಸರಿ, ಕಾಗದ ಸಿಕ್ಕ ದಿನವೇ ಬಸ್ ಹತ್ತಿ.