ಪುಟ್ಟಿಯ ಕೋಣೆಯ ಬಾಟಲಿಗಳು

ಮಾರ್ಚ್ ೧೧, ಮಂಗಳವಾರ

ಪ್ರೀತಿಯ ತಮ್ಮನಿಗೆ,

ಮೊದಲು ಪುಟ್ಟಿಯನ್ನು ಅವಳ ಕೋಣೆಯಿಂದ ಹೊರಗೆ ಕರೆ. ಬಾಗಿಲು ಎಳೆದು ಬೀಗ ಹಾಕು. ಆಮೇಲೆ ಕುಳಿತು ಮುಂದಕ್ಕೆ ಓದು. ಯಾಕೆ, ಏನು ಅಂತ ವಾದ ಮಾಡುವುದನ್ನು ಆಮೇಲೆ ಮಾಡು.

ಕರೆದೆಯಾ? ಸರಿ. ಈಗ ನಿನಗೂ ನಿನ್ನ ಹೆಂಡತಿಗೂ ಅಕ್ಕನ ಆಶೀರ್ವಾದ. ನೀವು ಮೂವರೂ ಕ್ಷೇಮವಾಗಿದ್ದೀರಿ ಎಂದು ನಂಬಿ ಬರೆಯುತ್ತಿದ್ದೇನೆ, ಹಾಗೆ ನಂಬದಿದ್ದರೆ ಪೆನ್ನು ಹಿಡಿಯಲು ಕೈ ಬರುವುದಿಲ್ಲ. ಒಂದು ವರ್ಷದಿಂದ ಕಾಗದ ಬರೆಯಲಿಲ್ಲ ಎಂದು ಬೇಸರಪಡಬೇಡ. ನೀನು ಫೋನ್ ಎತ್ತುತ್ತಿರಲಿಲ್ಲ, ನಾನೂ ನಿನ್ನ ಜೊತೆಯೇ ಹುಟ್ಟಿದವಳಲ್ಲವೇ, ಹಟ ನನಗೂ ಇದೆ. ಅಕ್ಷರ ಕಾಗೆಕಾಲು ಗುಬ್ಬಿಕಾಲಾಗಿದೆ. ಎಡಗಾಲನ್ನು ಸ್ಟೂಲಿನ ಮೇಲೆ ಚಾಚಿ, ತೊಡೆಯ ಮೇಲೆ ರಟ್ಟು ಇಟ್ಟುಕೊಂಡು ಬರೆಯುತ್ತಿದ್ದೇನೆ. ಮಂಡಿಯ ಹಿಂದೆ ಹೊಲಿಗೆ ಹಾಕಿದ್ದಾರೆ, ಕಾಲು ಕೆಳಗಿಡಬಾರದಂತೆ. ಇಲ್ಲದಿದ್ದರೆ ಈ ಕಾಗದದ ಬದಲು ನಾನೇ ನಿನ್ನ ಬಾಗಿಲಲ್ಲಿ ನಿಂತಿರುತ್ತಿದ್ದೆ.

ಭಾನುವಾರ ಮಧ್ಯಾಹ್ನ ಯಾರದೋ ಪರದೆ ಹೊಲಿಯುತ್ತಿದ್ದೆ. ಅಸ್ತರಿನ ಬಟ್ಟೆ ಸಾಲಲಿಲ್ಲ. ಮೆಟ್ಟಿಲ ಕೆಳಗಿನ ಸಾಮಾನಿನ ಕೋಣೆಗೆ ಹೋಗಿ, ಬಟ್ಟೆಯ ಸುರುಳಿ ಎಳೆದುಕೊಂಡು ಇನ್ನೇನು ತಿರುಗಬೇಕು, ಢಮ್ ಎಂದಿತು. ಗ್ಯಾಸ್ ಸಿಲಿಂಡರ್ ಹೋಯಿತು ಅಂದುಕೊಂಡೆ. ಕಿವಿ ಗುಂಯ್ ಎನ್ನುತ್ತಿತ್ತು. ಸೀರೆಯೆಲ್ಲ ಕಪ್ಪು ನೊರೆ, ಮೂಗಿಗೆ ಸುಟ್ಟ ಮಾಲ್ಟಿನ ವಾಸನೆ, ಕೆಳಗೆ ನೋಡಿದರೆ ಚಪ್ಪಲಿಯೊಳಗೆ ರಕ್ತ ತುಂಬಿ ಹೊರಗೆ ಹರಿಯುತ್ತಿದೆ. ನೋವು ಆಮೇಲೆ ಬಂತು. ನಾನು ಕೂಗಿದೆನೋ ಇಲ್ಲವೋ ಗೊತ್ತಿಲ್ಲ, ನಿಮ್ಮ ಭಾವ ಓಡಿ ಬಂದರು.

ಡಾಕ್ಟರು, "ಇನ್ನೊಂದು ಬೆರಳು ಆಚೆ ಹೋಗಿದ್ರೆ ದೊಡ್ಡ ರಕ್ತನಾಳ ಕಣಮ್ಮ, ಆಸ್ಪತ್ರೆ ಮುಟ್ತಾ ಇರ್ಲಿಲ್ಲ" ಅಂದರು. ಅದು ಕೇಳಿದಾಗಲೂ ನನಗೆ ಇಷ್ಟು ಭಯವಾಗಲಿಲ್ಲ. ಮನೆಗೆ ಬಂದು ಆ ಕೋಣೆಯ ಬಾಗಿಲು ನೋಡಿದೆ. ಬಾಟಲಿಯ ಕುತ್ತಿಗೆಯ ಒಂದು ಚೂರು, ಕೆಂಪು ಅರಗು ಇನ್ನೂ ಅಂಟಿಕೊಂಡೇ ಇದೆ, ಬಾಗಿಲಿನ ಮರದೊಳಗೆ ಹೊಕ್ಕು ನಿಂತಿದೆ. ಎಷ್ಟು ಎತ್ತರದಲ್ಲಿ ಎಂದರೆ, ಪುಟ್ಟಿ ಅಲ್ಲಿ ನಿಂತಿದ್ದರೆ ಅವಳ ಕಣ್ಣು ಇರುತ್ತಿದ್ದ ಜಾಗದಲ್ಲಿ. ಅಂದಿನಿಂದ ಫ್ರಿಜ್ಜು ಗುರ್ ಎಂದರೂ ನನ್ನ ಜೀವ ಬಾಯಿಗೆ ಬರುತ್ತದೆ.

ಯಾವ ಬಾಟಲಿ ಎಂದು ನಿನಗೆ ಈಗ ಗೊತ್ತಾಗಿರಬೇಕು. ಪುಟ್ಟಿ ಹುಟ್ಟಿದ ವಾರ ನೀವು ಭಾವ-ಬಾಮೈದ ಸೇರಿ ನನ್ನ ಅಡುಗೆಮನೆಯಲ್ಲಿ ಕುದಿಸಿದಿರಲ್ಲ, ಅದೇ ಕಪ್ಪು ಬಿಯರು. ಮಗು ಹುಟ್ಟಿದಾಗ ತಯಾರಿಸಿ, ಬಾಟಲಿಯ ಬಾಯಿಗೆ ಅರಗು ಸುರಿದು, ಆ ಮಗು ದೊಡ್ಡವಳಾದ ಮೇಲೆ ಅವಳ ಕೈಯಲ್ಲೇ ತೆರೆಸುವುದು ನಿಮ್ಮ ಬಿಯರ್ ಕೂಟದವರ ಪದ್ಧತಿ ಅಂದಿರಿ. ಬಾಟಲಿಗೆ ಅಂಟಿಸುವ ಒಂದೊಂದು ಚೀಟಿಯ ಮೇಲೂ ಅವಳ ಅಂಗೈ ಒತ್ತಿಸಿದಿರಿ, ನೀಲಿ ಮಸಿಯಲ್ಲಿ. ಆಗ ನಾನು ಅತ್ತಿದ್ದೆ. ಬಾಟಲಿಗಳಲ್ಲಿ ಅರ್ಧ ನಿಮ್ಮ ಮನೆಗೆ, ಅರ್ಧ ನಮ್ಮ ಮನೆಗೆ ಎಂದು ಹಂಚಿಕೊಂಡಿರಿ.

ನಾನು ಬಿಯರು ಕುಡಿಯುವವರನ್ನು ಬೇಕಾದಷ್ಟು ನೋಡಿದ್ದೇನೆ. ನಿಮ್ಮ ಕೂಟದ ಜಾತಿಯೇ ಬೇರೆ ಬಿಡು. ಕುಡಿಯುವುದಕ್ಕಿಂತ ಮೂಸುವುದೇ ಹೆಚ್ಚು. ಒಂದೊಂದು ಬಿಯರಿಗೆ ಒಂದೊಂದು ಆಕಾರದ ಗಾಜಿನ ಲೋಟ, ನೆಂಟರು ಬಂದರೆ ನೀರು ಕೊಡಲು ಮಾತ್ರ ನಮ್ಮ ಮನೆಯಲ್ಲಿ ಲೋಟವಿಲ್ಲ. ತಣ್ಣಗಿದ್ದರೆ ರುಚಿ ಸಾಯುತ್ತದೆ ಎಂದು ಬೆಕ್ಕಿನ ಮರಿ ಹಿಡಿದಂತೆ ಎರಡೂ ಕೈಯಲ್ಲಿ ಹಿಡಿದು ಬೆಚ್ಚಗೆ ಮಾಡಿಕೊಂಡು ಕೂರುತ್ತೀರಿ. ಬೆಳಕಿಗೆ ಹಿಡಿದು ನೋಡಿ, "ಕಿತ್ತಳೆ ಸಿಪ್ಪೆ, ಒದ್ದೆ ಹುಲ್ಲು, ಕುದುರೆ ಜೀನು" ಎಂದು ಫೋನಿನಲ್ಲಿ ಅಂಕ ಹಾಕುತ್ತೀರಿ. ಜೀವಮಾನದಲ್ಲಿ ಕುದುರೆಯ ಹತ್ತಿರ ಹೋದವನು ನಿಮ್ಮಲ್ಲಿ ಒಬ್ಬನೂ ಇಲ್ಲ. ಇದನ್ನೆಲ್ಲ ನಕ್ಕು ಸಹಿಸಬಹುದು. ಒಳ್ಳೆಯ ಬಾಟಲಿ ಸಿಕ್ಕಿತೆಂದರೆ ಅದನ್ನು ಕುಡಿಯದೆ ವರ್ಷಗಟ್ಟಲೆ ನಿಧಿ ಕಾಯುವ ಸರ್ಪದ ಹಾಗೆ ಕಾಯುತ್ತೀರಲ್ಲ, ಆ ಚಟವೇ ಈಗ ನನ್ನ ಕುತ್ತಿಗೆಗೆ ಬಂದಿದೆ. ಕುಡಿದು ಮುಗಿಸಿದ್ದರೆ ಏನೂ ಆಗುತ್ತಿರಲಿಲ್ಲ.

ಆಗಿದ್ದು ಏನು ಎಂದು ಆಸ್ಪತ್ರೆಯ ಬೆಂಚಿನ ಮೇಲೆ ನಿಮ್ಮ ಭಾವ ಬಾಯಿಬಿಟ್ಟರು. ನೀನು ಹೆಂಡತಿ ಮಗುವನ್ನು ನೋಡಲು ಹೆರಿಗೆ ವಾರ್ಡಿಗೆ ಹೋಗಿದ್ದಾಗ, ಅವರು ಆ ಕಪ್ಪು ಬಿಯರಿಗೆ ಬೇರೆ ಇನ್ನೊಂದನ್ನು ಸೇರಿಸಿದ್ದರಂತೆ. ಅವರಿಗೆ ಹುಳಿ ಬಿಯರಿನ ಹುಚ್ಚು ಗೊತ್ತಲ್ಲ. ಯಾವುದೋ ಅಪರೂಪದ ಹುಳಿ ಬಿಯರು ಕುಡಿದು ಅದರ ತಳದ ಗಷ್ಟನ್ನು ಶೀಶೆಯಲ್ಲಿ ಜೋಪಾನ ಮಾಡಿದ್ದರು. ಆ ಗಷ್ಟಿನಲ್ಲಿ ಕಾಡು ಯೀಸ್ಟ್ ಬದುಕಿರುತ್ತದಂತೆ. "ವರ್ಷ ಕಳೆದ ಹಾಗೆ ರುಚಿ ಬೆಳೀಲಿ ಅಂತ ಒಂದು ಚಮಚ ಹಾಕ್ದೆ. ಅವನಿಗೆ ಹೇಳಿದ್ರೆ ಬೇಡ ಅಂತಿದ್ದ" ಅಂದರು. ಮಾಮೂಲು ಯೀಸ್ಟ್ ತನಗೆ ಬೇಕಾದಷ್ಟು ಸಕ್ಕರೆ ತಿಂದು ಮಲಗುತ್ತದೆ, ಇದು ಮಲಗುವುದೇ ಇಲ್ಲ. ಉಳಿದದ್ದನ್ನು ಮೆಲ್ಲಗೆ ತಿನ್ನುತ್ತಾ, ಗಾಳಿ ಉಗುಳುತ್ತಾ ಬಾಟಲಿಯೊಳಗೇ ಇರುತ್ತದೆ. ಮೇಲೆ ಮುಚ್ಚಳ, ಅದರ ಮೇಲೆ ಅರಗು, ಗಾಳಿ ಎಲ್ಲಿಗೆ ಹೋಗಬೇಕು? ಬಿಸಿಲು ಏರಿದ ಮೇಲೆ ಇನ್ನೂ ಜೋರು. ನಿನ್ನ ಪಾಲಿನ ಬಾಟಲಿಗಳಲ್ಲಿ ಇರುವುದೂ ಅದೇ ಬಿಯರು ಕಣೋ.

ನಿಮ್ಮ ಕೂಟದ ಗಡ್ಡದ ಮೇಷ್ಟ್ರು ಹೋದ ತಿಂಗಳು ನಿನ್ನ ಮನೆಗೆ ಬಂದಿದ್ದರಲ್ಲ. ಇವತ್ತು ನನ್ನ ಕಾಲು ನೋಡಲು ಬಂದವರು, ನಾನು ಕೇಳದೇ ನಿನ್ನ ಹೊಗಳಿದರು. "ಎಂಥ ಶಿಸ್ತು ನಿಮ್ಮ ತಮ್ಮಂದು! ಮನೇಲಿ ಬಿಸಿಲು ಬೀಳದ ಕೋಣೆ ಒಂದೇ, ಅದು ಮಗೂದು. ಬಾಟ್ಲಿ ಎಲ್ಲ ಅಲ್ಲೇ, ಅವಳ ಮಂಚದ ಕೆಳಗೆ ಸಾಲಾಗಿ ನಿಲ್ಸಿದಾನೆ. ಮಗು ಒಂದೊಂದೇ ಎತ್ಕೊಂಡು ಬಂದು, ಇದು ನಂದು, ಇದು ನನ್ನ ಕೈ, ಅಂತ ತೋರ್ಸುತ್ತೆ" ಅಂದರು. ಎತ್ತಿಕೊಂಡು ಅಂದರೆ ಎದೆಗೆ ಅವುಚಿಕೊಂಡು ತಾನೇ? ಐದು ವರ್ಷದ ಮಗು ಬೇರೆ ಹೇಗೆ ಹೊರುತ್ತದೆ?

ಅಲ್ಲೇ ಮೇಷ್ಟ್ರ ಕೈಯಲ್ಲಿ ನಿನಗೆ ಫೋನ್ ಮಾಡಿಸಿದೆ. ನಾನು ಪಕ್ಕದಲ್ಲೇ ಇದ್ದೆ, ನೀನು ಅಂದ ಒಂದೊಂದು ಮಾತೂ ಕೇಳಿಸಿತು. "ಭಾವ ಹೇಳಿಸ್ತಿದಾರಾ ಮೇಷ್ಟ್ರೇ? ನನ್ ಬಾಟ್ಲಿ ಚೆನ್ನಾಗಿ ಪಳಗಿದೆ ಅಂತ ಹೊಟ್ಟೆಕಿಚ್ಚು. ಚೆಲ್ಲಿಸ್ಬೇಕು ಅಂತ ಈ ನಾಟಕ. ನನ್ ಮಗಳಿಗೆ ಹದಿನೆಂಟು ತುಂಬಿದ ದಿನ ತೆಗೀತೀನಿ, ಅವತ್ತು ಬಂದು ಮೂಸ್ಕೊಂಡು ಹೋಗೋಕೆ ಹೇಳಿ." ನೀನು ನಕ್ಕು ಫೋನ್ ಇಟ್ಟುಬಿಟ್ಟೆ. ನನ್ನ ಕೈಗೆ ಫೋನ್ ಬರುವಷ್ಟು ಹೊತ್ತೂ ಕಾಯಲಿಲ್ಲ. ಮತ್ತೆ ಮಾಡಿದರೆ ಮೇಷ್ಟ್ರ ಫೋನನ್ನೂ ಎತ್ತಲಿಲ್ಲ, ನಿನ್ನ ಹೆಂಡತಿಯೂ ಎತ್ತಲಿಲ್ಲ.

ಹೋದ ವರ್ಷ ಕೂಟದಲ್ಲಿ ಆದ ಆ ಸಂಜೆಯ ಸಿಟ್ಟು ನಿನಗೆ ಇನ್ನೂ ಇಳಿದಿಲ್ಲ, ನನಗೆ ಗೊತ್ತು. ಯಾರದು ಎಂದು ಗೊತ್ತಾಗದ ಹಾಗೆ ಬಾಟಲಿಗಳಿಗೆಲ್ಲ ಕಾಗದ ಸುತ್ತಿ ರುಚಿ ನೋಡುವಾಗ ಇವರು ಒಂದು ಲೋಟ ಮೂಸಿ "ಒದ್ದೆ ರಟ್ಟಿನ ವಾಸನೆ" ಅಂದರು, ಕಾಗದ ಬಿಚ್ಚಿದರೆ ಅದು ನಿನ್ನದು. ನೀನು ಸುಮ್ಮನಿದ್ದೆಯಾ? "ಊರಿಗೆಲ್ಲ ಕನ್ನಡಕ ಮಾಡಿಕೊಡ್ತೀರಿ, ನಿಮ್ಮ ಮೂಗಿಗೂ ಒಂದು ಹಾಕ್ಸಿ ಭಾವ" ಅಂದೆ. ಕೂಟವೆಲ್ಲ ಬಿದ್ದು ಬಿದ್ದು ನಕ್ಕಿತು. ಅಲ್ಲಿಂದ ಮಾತು ಎಲ್ಲೆಲ್ಲಿಗೋ ಹೋಯಿತು, ಇಬ್ಬರೂ ಬಾಯಿಗೆ ಬಂದದ್ದು ಆಡಿದಿರಿ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುವುದಿಲ್ಲ, ಒಪ್ಪುತ್ತೇನೆ. ಅವರ ಜೊತೆ ಜೀವಮಾನವಿಡೀ ಮಾತಾಡಬೇಡ, ನಾನು ಒಂದು ಮಾತು ಕೇಳುವುದಿಲ್ಲ. ಆದರೆ ಕೆಂಡವನ್ನು ಮಗುವಿನ ಮಂಚದ ಕೆಳಗೆ ಇಟ್ಟುಕೊಂಡು ಹಟ ಸಾಧಿಸಬೇಡ.

ನೀನು ಲಿಫ್ಟ್ ರಿಪೇರಿ ಮಾಡುವವನು. ಹಗ್ಗದಲ್ಲಿ ಒಂದು ಎಳೆ ಹರಿದಿದ್ದರೂ ಇಡೀ ಕಟ್ಟಡದವರು ಬೈದುಕೊಂಡು ಮೆಟ್ಟಿಲು ಹತ್ತಲಿ ಎಂದು ಬಾಗಿಲಿಗೆ ಬೀಗ ಜಡಿಯುವವನು. "ಬಿದ್ಮೇಲೆ ಗೊತ್ತಾಗೋದು ಬೇಡ ಅಕ್ಕ" ಅಂತ ನೀನೇ ಅಲ್ಲವೇ ಹೇಳುತ್ತಿದ್ದದ್ದು? ಇದನ್ನೂ ಹಾಗೇ ಅಂದುಕೋ. ನಾನು ಸುಳ್ಳಾದರೆ ನಿನ್ನ ಒಳ್ಳೆಯ ಬಿಯರು ಹೋಯಿತು, ಅಷ್ಟೇ ನಷ್ಟ.

ಈಗ ಮಾಡಬೇಕಾದದ್ದು ಕೇಳು. ನೀನಾಗಿ ಒಂದನ್ನೂ ಎತ್ತಬೇಡ, ಅಲುಗಿಸಬೇಡ. ಮುಚ್ಚಳ ತೆಗೆದು ನೋಡುತ್ತೇನೆ ಎಂಬ ಬುದ್ಧಿವಂತಿಕೆ ಖಂಡಿತ ಬೇಡ, ನಿನ್ನ ಕೈ ನನಗೆ ಗೊತ್ತು, ತಡೆಯದು. ಬಾಗಿಲು ಹಾಕಿ ಅಗ್ನಿಶಾಮಕದವರನ್ನು ಕರೆ. ಬಿಯರ್ ಬಾಟಲಿಗೆ ನಾವು ಬರಬೇಕಾ ಎಂದು ನಗುತ್ತಾರೆ, ನಗಲಿ. ನಮ್ಮ ಸಾಮಾನಿನ ಕೋಣೆಗೂ ಬೀಗ ಹಾಕಿ ಕೀಲಿಯನ್ನು ನಾನೇ ಇಟ್ಟುಕೊಂಡಿದ್ದೇನೆ. ಪುಟ್ಟಿ ತನ್ನ ಬಾಟಲಿ ಬೇಕೆಂದು ಅಳುತ್ತಾಳೆ. ಅಳಲಿ. ಅತ್ತೆ ಬೇರೆ ಏನಾದರೂ ಮಾಡಿಕೊಡುತ್ತಾಳಂತೆ ಎಂದು ಹೇಳು. ಅವಳಿಗೆ ನಾನು ನೆನಪಿದ್ದೇನೋ ಇಲ್ಲವೋ.

"ಭಾವ ಯಾಕೆ ಬರ್ಲಿಲ್ಲ, ಕಾಲಿಗೆ ಗಾಜು ಹೊಕ್ಕಿದ್ದು ಅವರಿಗಲ್ಲವಲ್ಲ" ಎಂದು ನೀನು ಕೇಳುತ್ತೀಯ. ನಾನೂ ಕೇಳಿದೆ. "ನನ್ನ ಮುಖ ನೋಡಿದ್ರೆ ಬಾಗಿಲೇ ತೆಗೆಯೋಲ್ಲ ಅವನು" ಅಂದರು. ಅದೂ ನಿಜವೇ ಇರಬೇಕು ಎಂದುಕೊಂಡೆ. ಮೇಷ್ಟ್ರು ನಿಮ್ಮೂರಿಗೆ ಹೊರಡುವ ಬಸ್ಸಿಗೆ ಇನ್ನೂ ಹೊತ್ತಿದೆ. ಅವರ ಕೈಯಲ್ಲೇ ಇದನ್ನು ಕೊಟ್ಟು ಕಳಿಸುತ್ತಿದ್ದೇನೆ. ಅವರನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡು ವಾದ ಮಾಡಬೇಡ.

ನಿಮಗೆಲ್ಲ ಒಳ್ಳೆಯದಾಗಲಿ. ಪುಟ್ಟಿಯ ಎರಡೂ ಕೈಗೆ ನನ್ನ ಮುತ್ತು.

ನಿನ್ನ
ಅಕ್ಕ

ತಾ. ಕ.: ಕಾಗದ ಮಡಚಿ ಲಕೋಟೆಗೆ ಹಾಕಿದ್ದೆ. ಮೇಷ್ಟ್ರು, "ಹೋಗೋ ಮೊದ್ಲು ನಿಮ್ಮನೇಲಿ ಉಳಿದಿರೋ ಬಾಟ್ಲಿ ಮೇಲೆ ದಪ್ಪ ರಜಾಯಿ ಹೊದಿಸಿ ಬರ್ತೀನಿ" ಎಂದು ಕೀಲಿ ಇಸಿದುಕೊಂಡು ಹೋದರು. ತಕ್ಷಣವೇ ವಾಪಸ್ ಬಂದು, "ಅಲ್ಲಿ ಒಂದೂ ಇಲ್ವಲ್ಲಮ್ಮ" ಅಂದರು. ನಾನು ನಿಮ್ಮ ಭಾವನ ಮುಖ ನೋಡಿದೆ.

ಈ ಬಾಟಲಿ ಸಿಡಿಯುತ್ತದೆ ಎಂದು ಅವರಿಗೆ ಹೋದ ಚಳಿಗಾಲದಲ್ಲೇ ಗೊತ್ತಾಗಿತ್ತಂತೆ ಕಣೋ. ತನ್ನ ಮೂಗೇ ಸರಿ ಎಂದು ಕೂಟದಲ್ಲಿ ತೋರಿಸಬೇಕಿತ್ತು. ಅದಕ್ಕೆ ರುಚಿ ಎಷ್ಟು ಬೆಳೆದಿದೆ ನೋಡೋಣ ಎಂದು, ಮಾತು ಮುರಿದು ನಮ್ಮ ಪಾಲಿನ ಒಂದು ಬಾಟಲಿಯನ್ನು ಗುಟ್ಟಾಗಿ ತೆರೆದರಂತೆ. ಮುಚ್ಚಳ ಹಾರಿ ಸೂರಿಗೆ ಬಡಿಯಿತು, ನೊರೆ ನಿಲ್ಲಲೇ ಇಲ್ಲ. ನಾನು ಅಂಗಡಿಗೆ ಹೋಗಿದ್ದಾಗ ಉಳಿದದ್ದನ್ನೆಲ್ಲ ಒದ್ದೆ ಗೋಣಿ ಸುತ್ತಿ ತೆರೆದು ಹಿತ್ತಲ ಮೋರಿಗೆ ಸುರಿದರು. ನನ್ನ ಬಟ್ಟೆಯ ಸುರುಳಿಯ ಹಿಂದೆ ಸೇರಿಕೊಂಡಿದ್ದ ಒಂದು ಅವರ ಕಣ್ಣಿಗೆ ಬೀಳಲಿಲ್ಲ. ನಿನಗೆ ಹೇಳಿದರೆ ತಾನು ಗಷ್ಟು ಹಾಕಿದ್ದು ಹೇಳಬೇಕು, ಕೂಟದವರು ಇನ್ನೊಮ್ಮೆ ನಗುತ್ತಾರೆ. ಅದಕ್ಕೆ ಸುಮ್ಮನಿದ್ದರಂತೆ. ಹೇಳುತ್ತಾ ಹೇಳುತ್ತಾ ಅತ್ತರು. ನನಗೆ ಕರುಣೆ ಬರಲಿಲ್ಲ.

"ಮಗು ಮಲಗೋ ಕೋಣೇಲೇ ಬಾಟ್ಲಿ ಇದೆ ಅಂತ ಗೊತ್ತಿತ್ತಾ?" ಎಂದು ಕೇಳಿದೆ. ಮೇಷ್ಟ್ರ ಎದುರಿಗೇ ಕೇಳಿದೆ. "ಗೊತ್ತಿತ್ತು, ಹಂಚಿಕೊಂಡಾಗ ಅಲ್ಲಿಡು ಅಂತ ನಾನೇ ಹೇಳಿದ್ದೆ" ಅಂದರು.

ಇದು ನಾಟಕವಲ್ಲ ಎಂದು ಈಗಲಾದರೂ ನಂಬುತ್ತೀಯ ಎಂದುಕೊಂಡು ಇಷ್ಟನ್ನೂ ಬರೆದೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ, ನಾನು ಇವರ ಜೊತೆ ಜಗಳವನ್ನೂ ಆಡಲಿಲ್ಲ. ಅವರು ಪಕ್ಕದ ಕೋಣೆಯಲ್ಲಿ ಕೂತಿದ್ದಾರೆ, ಉಸಿರಾಡುವುದು ಇಲ್ಲಿಗೆ ಕೇಳಿಸುತ್ತದೆ. ಅದು ಕೇಳಿದರೂ ನನಗೆ ಭಯವಾಗುತ್ತಿದೆ. ಪುಟ್ಟಿ ಚೆನ್ನಾಗಿದ್ದರೆ ಮೇಷ್ಟ್ರ ಕೈಯಲ್ಲಿ ಒಂದು ಸಾಲು ಬರೆದು ಕಳಿಸು. ಏನಾದರೂ ಆಗಿಹೋಗಿದ್ದರೆ ಬರೆಯಬೇಡ. ಬಂದು ನನ್ನನ್ನು ಇಲ್ಲಿಂದ ಕರೆದುಕೊಂಡು ಹೋಗು.