ನಾಲ್ಕು ವರ್ಷಕ್ಕೆ ಕೈಗೆ ಸಿಗುವ ಡಿಗ್ರಿ

ಅಪ್ಪಾ,

ಇವತ್ತು ನಿನ್ನ ಮೊಮ್ಮಗಳು ಉಮಾಶ್ರೀಯನ್ನು ಕರೆದುಕೊಂಡು ಕೂಕಟ್‌ಪಲ್ಲಿಯಲ್ಲಿ ಮಕ್ಕಳನ್ನು ಹೊರದೇಶಕ್ಕೆ ಓದಲು ಕಳಿಸುವ ಕನ್ಸಲ್ಟೆನ್ಸಿ ಆಫೀಸಿಗೆ ಹೋಗಿದ್ದೆ. ಹೈದರಾಬಾದಿನ ಮಕ್ಕಳೆಲ್ಲ ಸಾಫ್ಟ್‌ವೇರ್ ಅನ್ನುವಾಗ ಇವಳಿಗೆ ಡಾಕ್ಟರಿಕೆಯೇ ಬೇಕಂತೆ. ಹೊರದೇಶದಲ್ಲಿ ಡಿಗ್ರಿ, ಡಾಕ್ಟರಿಕೆ ಎರಡನ್ನೂ ಸೇರಿಸಿ ಓದಿಸುತ್ತಾರೆ. ಒಂದು ಕಾಲೇಜಿನಲ್ಲಿ ಆರು ವರ್ಷ, ಮುಗಿಯುವ ತನಕ ಕೈಗೆ ಏನೂ ಸಿಗುವುದಿಲ್ಲ. ಇನ್ನೊಂದರಲ್ಲಿ ಎಂಟು ವರ್ಷ, ಆದರೆ ನಾಲ್ಕಕ್ಕೇ ಬಿ.ಎಸ್ಸಿ. ಕೊಡುತ್ತಾರೆ.

"ಎಂಟು ವರ್ಷದ್ದೇ ತೊಗೊ," ಅಂದೆ.

"ಯಾಕ ಮಮ್ಮಿ? ನಾ ಏನು ನಿನ್ನಂಗ ಹೆಣ ನೋಡಿ ಹೆದರಿ ಓದು ನಡುವ ಬಿಟ್ಟು ಓಡಿ ಬರತೀನೇನು?" ಅಂತ ನಕ್ಕಳು.

ನಾನು ಮೆಡಿಕಲ್ ಕಾಲೇಜು ಬಿಟ್ಟದ್ದಕ್ಕೆ ನೀನು ಊರಿಗೆಲ್ಲ ಹೇಳಿದ ಕತೆ ಅದು. ಅಲ್ಲೇ ಕೂತು ಅವಳಿಗೆ ಮೊದಲ ಸಲ ನಿಜ ಹೇಳಿದೆ. ನಾನು ಹೆದರಿರಲಿಲ್ಲ. ಹೆಣ ಕೊಯ್ದು ಕಲಿಯುವ ಅನಾಟಮಿಯಲ್ಲಿ ಕ್ಲಾಸಿಗೇ ಮೊದಲು ಬಂದಿದ್ದೆ. ಎರಡನೇ ವರ್ಷದ ನಡುವೆ ಒಳ್ಳೆ ಸಂಬಂಧ ಬಂತು, ಉಳಿದದ್ದನ್ನು ಮದುವೆಯಾದ ಮೇಲೆ ಓದು ಅಂತ ಹಾಸ್ಟೆಲ್ಲಿನಿಂದ ನನ್ನ ಟ್ರಂಕು ಹೊರಿಸಿಕೊಂಡು ಬಂದವನು ನೀನು. ಮದುವೆಯಾದ ಮೇಲೆ ಕೇಳಿದಾಗ ನೀನು ಓದುತ್ತಿದ್ದ ಪೇಪರಿನಿಂದ ತಲೆ ಎತ್ತಲಿಲ್ಲ.

ಉಮಾಶ್ರೀ ಆರು ವರ್ಷದ ಕೋರ್ಸಿನ ಫಾರಂ ಬದಿಗಿಟ್ಟಳು. ಆಮೇಲೆ ಎಂಟು ವರ್ಷದ ಕೋರ್ಸಿನ ಫಾರಂ ತುಂಬಿದಳು. ಮೆಟ್ಟಿಲಿಳಿಯುವಾಗ ಕೇಳಿದಳು: "ಅಜ್ಜ ಒಮ್ಮೆನಾದ್ರೂ ತಪ್ಪಾತು ಅಂದಿದ್ನೇನು?"

"ಅಂದಿದ್ದ. ಸಾಯೂಕಿಂತ ಮೊದಲು, ಕೈ ಹಿಡಕೊಂಡು ಅಂದಿದ್ದ," ಅಂದೆ.

ಅವಳು ನಂಬಿದಳು.

ಆಸ್ಪತ್ರೆಯಲ್ಲಿ ನಿನ್ನ ಕೊನೆಯ ಹತ್ತು ದಿನವೂ ನಾನು ನಿನ್ನ ಪಕ್ಕದಲ್ಲೇ ಕೂತಿದ್ದೆ ಅಪ್ಪಾ. ನೀನು ಬಾಯಿಬಿಟ್ಟು ಕೇಳಿದ್ದು ನೀರು ಮಾತ್ರ.

ಗುರುದೇವಿ